ಹದದ ಹಲ್ಲಿನ ಪರದೇಶ ಯಾತ್ರೆ

ಆ ಕಾಲಕ್ಕೆ ನಮ್ಮ ಎಮ್ಮಿಗನೂರಿನಿಂದ ಪರದೇಶಕ್ಕೆ ಹೋಗಿ ಬಂದವರು ಇಬ್ಬರೇ. ಒಬ್ಬಾತ ರಂಗೂನಿಗೆ ಹೋಗಿದ್ದ. ಇನ್ನೊಬ್ಬ ನಾನು, ಸೊಂಡೂರಿಗೆ. ನಗಬೇಡಿ. ನಮ್ಮದು ಮದರಾಸು ಸರಕಾರದ ನೆಲ. ಸೊಂಡೂರಿಗೆ ಬೇರೆ ರಾಜರು, ಬೇರೆ ಕಾಯಿದೆ, ಗಡಿಯಲ್ಲಿ ಬೇರೆ ಚೌಕಿ. ಚೌಕಿ ದಾಟಿ ಹೋದ ಮೇಲೆ ಅದು ಪರದೇಶವಲ್ಲದೆ ಮತ್ತೇನು? ರಂಗೂನಿಗೆ ಹೋದಾತ ಅಲ್ಲಿಂದ ಒಂದು ಕೊಡೆ ತಂದಿದ್ದ. ನಾನು ಒಂದು ಹಲ್ಲು ತಂದೆ. ಆ ಹಲ್ಲಿನ ಪೂರ್ತಿ ಕಥೆಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಎಮ್ಮಿಗನೂರು

ನಮ್ಮೂರಲ್ಲಿ ಆರು ಮನೆಗಳಿಗೆ ಸೇರಿ ಒಂದು ಕಬ್ಬಿನ ಗಾಣ. ಗಾಣದ ಒಲೆಯ ಎದುರಿಗೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಕೂರುವವನೇ ಬೆಲ್ಲದ ಹದ ಹೇಳುವವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗಿ ಬರುವಾಗ ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ಗಳಿಗೆ ತಡವಾದರೆ ಕಪ್ಪಾಗಿ ಕಲ್ಲಾಗುತ್ತದೆ. ಆರು ಮನೆಯವರ ವರ್ಷದ ದುಡಿಮೆಯೆಲ್ಲ ಆ ಒಂದು ಗಳಿಗೆಯ ಕೈಯಲ್ಲಿ.

ಆ ಗಳಿಗೆಯನ್ನು ನಮ್ಮ ಮನೆಯವರು ಹೇಳುತ್ತಿದ್ದುದು ಹಲ್ಲಿನಿಂದ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಅದು ಗೋಲಿಯಾದ ಮೇಲೆ ಬಲಗಡೆಯ ಕಟ್ಟಕಡೆಯ ದವಡೆ ಹಲ್ಲಿಗಿಟ್ಟು ಕಡಿಯಬೇಕು. ಹಲ್ಲಿಗೆ ಅಂಟಿಕೊಂಡರೆ ಇನ್ನೂ ಕುದಿಯಬೇಕು. ಕಟ್ಟೆಂದು ಮುರಿದರೆ ಕೆಟ್ಟಿತು. ಅಂಟಿದಂತೆ ಮಾಡಿ ಬಿಟ್ಟುಕೊಟ್ಟರೆ ಅದೇ ಹದ. ತಾತ ಹಾಗೆ ಮಾಡಿದ, ಅಪ್ಪ ಹಾಗೆ ಮಾಡಿದ. ಹೊಗೆಗೆ ಕಣ್ಣು ಮಂಜಾದ ಮೇಲೆ ಅಪ್ಪ ಒಂದು ಬೆಳಗ್ಗೆ ನನ್ನ ಬಾಯಿಗೆ ಬೆರಳು ಹಾಕಿ, ಬುದ್ಧಿ ಹಲ್ಲು ಪೂರ್ತಿ ಮೇಲೆ ಬಂದಿದೆಯೇ ಎಂದು ತಡವಿ ನೋಡಿ, ಹೂಂ ಎಂದು ನನ್ನನ್ನು ಆ ಕಲ್ಲಿನ ಮೇಲೆ ಕೂರಿಸಿದ. ನಾಲ್ಕು ವರ್ಷ ನನ್ನ ಕೈಯಲ್ಲಿ ಒಂದು ಕೊಪ್ಪರಿಗೆಯೂ ಕೆಡಲಿಲ್ಲ.

ಐದನೆಯ ವರ್ಷ ಹಲ್ಲೇ ಕೆಟ್ಟಿತು. ದಿನಕ್ಕೆ ಹತ್ತು ಸಲ ಬಿಸಿ ಬೆಲ್ಲ ಕಡಿದ ಹಲ್ಲು ಇನ್ನೇನಾದೀತು? ಲವಂಗವೊಂದನ್ನು ನೆಟ್ಟಗೆ ನಿಲ್ಲಿಸುವಷ್ಟು ತೂತು ಬಿತ್ತು. ಕೆನ್ನೆ ಊದಿತು. ಕಬ್ಬು ಕಡಿಯಲು ಇನ್ನು ಹತ್ತೇ ದಿನ ಇತ್ತು. ಉಳಿದ ಐದು ಮನೆಯ ಹಿರಿಯರು ಬಂದು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಹಲ್ಲು ಹೋದರೆ ಪಂಪಣ್ಣನಿಗೆ, ಅಂದರೆ ನನಗೆ, ಹದ ಹೇಗೆ ಗೊತ್ತಾದೀತು, ಮೊದಲನೆಯ ಕೊಪ್ಪರಿಗೆ ನೋಡೋಣ, ಕೆಟ್ಟರೆ ಕಂಪ್ಲಿಯಿಂದ ಹದಗಾರನೊಬ್ಬನನ್ನು ಕರೆಸೋಣ ಎಂದರು. ಒಮ್ಮೆ ಬೇರೆಯವನು ಕೂತ ಮೇಲೆ ಆ ಕಲ್ಲು ಮತ್ತೆ ನಮ್ಮ ಮನೆಗೆ ಬರುವ ಮಾತಿರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹದ ಹಲ್ಲಿನಲ್ಲಿದೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವನು ನಾನೇ.

ಹಲ್ಲು ಕೀಳಿಸಲು ಸೊಂಡೂರಿಗೆ ಹೊರಡುವಾಗ ಅಪ್ಪ ಹೇಳಿದ್ದು ಒಂದೇ ಮಾತು. "ಕಿತ್ತಿಸ್ಕೊಂಡು ಬಾ. ಆದ್ರ ಹಲ್ಲು ಪರರಾಜ್ಯದಾಗ ಬಿಟ್ಟು ಬರಬ್ಯಾಡ. ಮನಿಗೆ ತಗೊಂಡು ಬಾ."

ಕಂಪ್ಲಿ, ಹಂಪಿ, ಮಲಪನಗುಡಿ

ಊದಿದ ಕೆನ್ನೆಗೆ ವಸ್ತ್ರ ಸುತ್ತಿಕೊಂಡು ಹೊರಟವನಿಗೆ ದಾರಿಯಲ್ಲಿ ವೈದ್ಯರಿಗೆ ಬರವಿಲ್ಲ. ಕಂಪ್ಲಿಯಲ್ಲಿ ಗಾಡಿ ನಿಂತದ್ದೇ ತಡ, ಬಾಳೆಗೊನೆ ಹೇರುತ್ತಿದ್ದವನೊಬ್ಬ ಗೊನೆ ಕೆಳಗಿಟ್ಟು ಬಂದು, ಬಾಯಿ ತೆಗೆಯಿರಿ ಎಂದ. ಬಾವಿಗೆ ಬಿದ್ದ ಕೊಡವನ್ನು ಹುಡುಕುವವನ ಹಾಗೆ ಬಗ್ಗಿ ನೋಡಿದ. ಆಮೇಲೆ ತನ್ನ ಬಾಯಿ ತೆಗೆದು, ತನಗೆಲ್ಲೆಲ್ಲಿ ಹಲ್ಲು ಹೋಗಿವೆ ಎಂದು ಒಂದೊಂದಾಗಿ ತೋರಿಸಿದ. ಇದು ನಾನು ಊರೂರಲ್ಲಿ ಕಂಡ ಪದ್ಧತಿ. ನೀವು ಹಲ್ಲುನೋವು ಎಂದಿರೋ, ಎದುರಿನವರು ತಮ್ಮ ಬಾಯಿಯನ್ನು ನಿಮಗೆ ತೋರಿಸಿಯೇ ಬಿಡುವರು. ಹೊಗೆಸೊಪ್ಪು ಇಡಿ ಎಂದವರು ಉಂಟು, ಉಪ್ಪು ಎಂದವರು ಉಂಟು. ಒಬ್ಬಾಕೆ ಅಜ್ಜಿ, ಅಳಿಯನ ಮನೆಗೆ ಹೋಗುತ್ತಿದ್ದವಳು, ತನ್ನ ಬಾಯಲ್ಲಿ ಒಂದೂ ಹಲ್ಲಿಲ್ಲ, ಇಪ್ಪತ್ತು ವರ್ಷದಿಂದ ಸುಖವಾಗಿದ್ದೇನೆ ಎಂದಳು. ಆ ದಾರಿಯಲ್ಲಿ ನನಗೆ ಸಿಕ್ಕ ಸಮಾಧಾನ ಅದೊಂದೇ.

ಹಂಪಿಯಲ್ಲಿ ಎತ್ತುಗಳಿಗೆ ನೀರು ಕುಡಿಸುವಷ್ಟು ಹೊತ್ತು ನಿಂತೆವು. ವಿರೂಪಾಕ್ಷನಿಗೆ ದೂರದಿಂದಲೇ ಕೈ ಮುಗಿದು ನಾನು ನೆಟ್ಟಗೆ ಹೋದದ್ದು ಗುಡ್ಡದ ಮೇಲಿನ ದೊಡ್ಡ ಗಣಪನ ಹತ್ತಿರ. ಹಲ್ಲಿನ ವಿಚಾರದಲ್ಲಿ ಅವನಿಗಿಂತ ಅನುಭವಸ್ಥ ದೇವರು ಯಾರಿದ್ದಾರೆ? ಒಂದು ದಂತ ಮುರಿದುಕೊಂಡ ಮೇಲೂ ಅವನ ಕೆಲಸ ಯಾವುದೂ ನಿಂತಿಲ್ಲ, ಕಡುಬು ತಿನ್ನುವುದಂತೂ ನಿಂತಿಲ್ಲ. ಅದೇ ಭಾಗ್ಯ ನನಗೂ ಕೊಡಪ್ಪಾ ಎಂದು ಕೇಳಿಕೊಂಡೆ. ಕಾಯಿ ಒಡೆಸಿದೆ, ಆದರೆ ಪ್ರಸಾದದ ಚೂರನ್ನು ಕಡಿಯಲಾಗದೆ ಗಾಡಿಯವನಿಗೆ ಕೊಟ್ಟೆ.

ಮಲಪನಗುಡಿಯ ಮೆಟ್ಟಿಲು ಬಾವಿಯನ್ನು ನಾನು ಮರೆಯುವಂತಿಲ್ಲ. ಬಿಸಿಲಿಗೆ ಗಂಟಲು ಒಣಗಿತ್ತು. ಮೆಟ್ಟಿಲಿಳಿದು ಬೊಗಸೆ ತುಂಬ ನೀರೆತ್ತಿ ಕುಡಿದೆ. ಆ ತಣ್ಣನೆಯ ನೀರು ಹಲ್ಲಿನ ತೂತಿಗೆ ಹೊಕ್ಕಿತು ನೋಡಿ, ಪ್ರಾಣ ನೆತ್ತಿಗೇರಿತು. ಇಳಿಯುವಾಗ ಎಣಿಸಿಕೊಂಡು ಇಳಿದ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮೇಲೆ ಬಂದೆ. ನೀರಿಗೆ ಬಂದಿದ್ದ ಹೆಂಗಸರು, ಬಾವಿಯಲ್ಲಿ ಹಾವಿದೆ ಎಂದುಕೊಂಡು ಕೊಡ ಬಿಟ್ಟು ನನ್ನ ಹಿಂದೆಯೇ ಓಡಿ ಬಂದರು. ಬಾಯಿ ತೆಗೆದು ವಿವರಿಸುವ ಸ್ಥಿತಿ ನನ್ನದಲ್ಲ. ಆ ಬಾವಿಯಲ್ಲಿ ಹಾವಿದೆ ಎಂದು ಆಮೇಲೆ ಎಷ್ಟು ದಿನ ಜನ ಹೇಳಿದರೋ ಗೊತ್ತಿಲ್ಲ.

ಹೊಸಪೇಟೆಯಿಂದ ಗಡಿಯವರೆಗೆ

ಹೊಸಪೇಟೆಯಲ್ಲಿ ಹಲ್ಲು ಕೀಳುವ ಡಾಕ್ಟರೊಬ್ಬರು ಇದ್ದದ್ದು ನಿಜ. ಆದರೆ ಲಡಾಯಿಯ ಕಾಲ, ಅವರು ದಂಡಿನ ಜೊತೆ ಎಲ್ಲಿಗೋ ಹೋಗಿದ್ದರು. ಅದಕ್ಕಾಗಿಯೇ ಎಲ್ಲರೂ ಸೊಂಡೂರಿನ ಬಸ್ರಾ ತಿಮ್ಮಪ್ಪನ ಹೆಸರು ಹೇಳುತ್ತಿದ್ದರು. ಆತ ಹಿಂದಿನ ಲಡಾಯಿಯಲ್ಲಿ ದಂಡಿನ ಆಸ್ಪತ್ರೆಯ ಆಳಾಗಿ ಕಡಲಾಚೆಯ ಬಸ್ರಾಕ್ಕೆ ಹೋಗಿ, ಅಲ್ಲಿ ಹಲ್ಲು ಕೀಳುವುದನ್ನು ಕಲಿತು, ಇಕ್ಕಳದ ಸಮೇತ ಊರಿಗೆ ಬಂದವನು.

ಸೊಂಡೂರಿನ ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಪೆಟ್ರೋಲೆಲ್ಲ ಲಡಾಯಿಗೆ ಹೋಗುತ್ತಿದ್ದುದರಿಂದ ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿದ್ದರು. ಒಲೆ ಊದುವುದನ್ನು ನೋಡಿ ನನಗೆ ನಮ್ಮ ಗಾಣದ ನೆನಪಾಯಿತು. ಬಸ್ಸು ಬಯಲಿನಲ್ಲಿ ಚೆನ್ನಾಗಿಯೇ ಹೋಯಿತು. ಗುಡ್ಡದ ಕಣಿವೆಯ ಏರು ಬಂದಾಗ ಒಮ್ಮೆ ನಡುಗಿ ನಿಂತುಬಿಟ್ಟಿತು. ಕಂಡಕ್ಟರು ಯಾರಿಗೂ ಏನೂ ಹೇಳಲಿಲ್ಲ. ಜನ ತಾವಾಗಿಯೇ ಇಳಿದು, ಪಂಚೆ ಮೇಲೆ ಕಟ್ಟಿ, ಹಿಂದೆ ಹೋಗಿ ನಿಂತರು. ದಿನವೂ ಹೀಗೆಯೇ ಇರಬೇಕು. ಚೌಕಿ ಇದ್ದದ್ದು ಆ ಏರಿನ ತುದಿಯಲ್ಲಿ. ಹೀಗಾಗಿ ನಾನು ಪರದೇಶವನ್ನು ಪ್ರವೇಶಿಸಿದ್ದು ಬಸ್ಸನ್ನು ನೂಕುತ್ತ. ಒಂದು ನೂಕಿಗೆ ಒಂದು ಸಲ ಹಲ್ಲು ಜಗ್ಗುತ್ತಿತ್ತು.

ಮೇಲೆ ನಿಂತು ಕಣ್ಣೀರು ಒರೆಸಿಕೊಂಡು ನೋಡಿದರೆ, ಆ ನೋವಿನಲ್ಲೂ ನನಗೆ ಖುಷಿಯಾಯಿತು. ನಾವು ಬಯಲು ಸೀಮೆಯ ಕರಿಮಣ್ಣಿನ ಜನ. ಅಲ್ಲಿ ನೋಡಿದಷ್ಟೂ ಹಸಿರು ಗುಡ್ಡ, ಕೆಳಗೆಲ್ಲ ಕುಂಕುಮದಂಥ ಕೆಂಪು ಮಣ್ಣು. ದಾರಿ ಕೆಂಪು, ಎತ್ತಿನ ಕಾಲು ಕೆಂಪು, ಗಣಿಗೆ ಹೋಗಿ ಬರುವವರ ಬಟ್ಟೆಯೂ ಕೆಂಪು. ಚೌಕಿಯ ಜವಾನ ನನ್ನ ಬುತ್ತಿಗಂಟು ಬಿಚ್ಚಿಸಿ, ಬಂಡ್ರಿಯ ಸೋದರತ್ತೆಗೆಂದು ತಂದ ಬೆಲ್ಲದಚ್ಚು ಮೂಸಿ, ಯಾವ ಊರಿನದು ಎಂದು ಕೇಳಿದ. ಎಮ್ಮಿಗನೂರು ಎಂದೆ. ಅದಕ್ಕೇ ಎಂದು ತಲೆದೂಗಿ ಗಂಟು ಕಟ್ಟಿಕೊಟ್ಟ. ಪರದೇಶದಲ್ಲೂ ನಮ್ಮ ಬೆಲ್ಲದ ಹೆಸರಿದೆಯಲ್ಲ ಎಂದು ಎದೆ ಉಬ್ಬಿತು. ಈ ವರ್ಷದ್ದು ಹೇಗಾಗುತ್ತದೋ ಎಂಬ ಯೋಚನೆ ಅದರ ಬೆನ್ನಿಗೇ ಬಂತು.

ಸೊಂಡೂರು

ತಿಮ್ಮಪ್ಪನ ಮನೆಯನ್ನು ಯಾರನ್ನೂ ಕೇಳಬೇಕಾಗಲಿಲ್ಲ. ಬಾಗಿಲಿಗೆ ಮಾವಿನೆಲೆಯ ತೋರಣ ಇರುವ ಕಡೆ ಹಲ್ಲಿನ ತೋರಣ ಇತ್ತು. ತಾನು ಕಿತ್ತ ಹಲ್ಲುಗಳಿಗೆ ಸಣ್ಣ ತೂತು ಕೊರೆದು ದಾರಕ್ಕೆ ಪೋಣಿಸಿ ಕಟ್ಟಿದ್ದ. ನೋಡಿ ನನ್ನ ಕಾಲು ಹಿಂದಕ್ಕೆ ಸರಿಯಿತು. ಆತ ಅರವತ್ತರ ಗಟ್ಟಿ ಆಳು, ಬಿಳಿ ಮೀಸೆ, ಬಾಯಲ್ಲಿ ಮೂವತ್ತೆರಡೂ ಹಲ್ಲು. ಬರ್ರಿ, ಕುಂದ್ರಿ ಎಂದು ನೆಂಟರನ್ನು ಕರೆದಂತೆ ಕರೆದು, ಒಂದು ಒರಳುಕಲ್ಲಿನ ಮೇಲೆ ಕೂರಿಸಿ, ಬೆಳಕಿಗೆ ಮುಖ ತಿರುಗಿಸಿದ. ವಸಡಿಗೆ ಏನೋ ಸೂಜಿ ಚುಚ್ಚಿದ. ಅರ್ಧ ಮುಖ ನನ್ನದಲ್ಲ ಎನಿಸಿತು. ಆಮೇಲೆ ಬಸ್ರಾದ ಕಥೆ ಶುರುಮಾಡಿದ. ಅಲ್ಲಿನ ಖರ್ಜೂರದ ತೋಟ, ಮರಳ ಗಾಳಿ, ಒಬ್ಬ ಸುಬೇದಾರ ಹಲ್ಲು ಕೀಳುತ್ತಾರೆಂದು ಹೆದರಿ ಒಂಟೆ ಹತ್ತಿ ಓಡಿಹೋದದ್ದು. ಒಂಟೆ ಎಲ್ಲಿಗೆ ಹೋಯಿತು ಎಂದು ನಾನು ಕಾಯುತ್ತಿರುವಾಗ ತಲೆಯೊಳಗೆ ಒಂದು ಬಾಗಿಲು ಕಿರ್ರೆಂದು ತೆರೆದ ಸದ್ದಾಯಿತು. ಹಲ್ಲು ಅವನ ಇಕ್ಕಳದಲ್ಲಿತ್ತು.

ತಿಮ್ಮಪ್ಪ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೇರು ಕೊಕ್ಕೆಯ ಹಾಗೆ ಒಂದು ಮಗ್ಗುಲಿಗೆ ಬಾಗಿತ್ತು. ಇಪ್ಪತ್ತು ವರ್ಷದಲ್ಲಿ ಇಂಥದೊಂದನ್ನು ಮುರಿಯದೆ ಇಡಿಯಾಗಿ ತೆಗೆದಿರಲಿಲ್ಲವಂತೆ. ಹೆಂಡತಿಯನ್ನು ಕರೆದು ತೋರಿಸಿದ, ಪಕ್ಕದ ಮನೆಯವರನ್ನೂ ಕರೆದ. ನನ್ನ ಬಾಯಿಗೆ ಅರಳೆ ತುರುಕಿ, ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದು, ಮೂರು ದಿನ ಮಾತಾಡಬಾರದು, ಕಡಿಯಬಾರದು, ಬಿಸಿ ಮುಟ್ಟಬಾರದು, ನಾಳೆಯಿಂದ ಉಪ್ಪುನೀರು ಮುಕ್ಕಳಿಸಬೇಕು ಎಂದ. ನಾನು ಕೈ ಚಾಚಿ ಹಲ್ಲು ಕೇಳಿದೆ. ಆತನ ಮುಖ ಸಣ್ಣದಾಯಿತು. "ಇಂಥಾ ಹಲ್ಲು ಮನ್ಯಾಗ ಮುಚ್ಚಿಡಬಾರದ್ರಿ. ನಾಕ್ ಮಂದಿ ನೋಡಬೇಕು." ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಹೇಳೋಣವೆಂದರೆ ಬಾಯಿ ಕಟ್ಟಿದೆ. ಅಪ್ಪನ ಮೀಸೆ, ಕೊಪ್ಪರಿಗೆ, ಒಲೆ ಎಲ್ಲವನ್ನೂ ಕೈಸನ್ನೆಯಲ್ಲಿ ಮಾಡಿ ತೋರಿಸಿದೆ. ಅವನಿಗೆ ಏನು ತಿಳಿಯಿತೋ, ಒಳಗೆ ಹೋಗಿ ಬಹಳ ಹೊತ್ತು ಏನೋ ತಡಕಾಡಿ, ಒಂದು ಕಾಗದದ ಪೊಟ್ಟಣ ಕಟ್ಟಿ ತಂದು ನನ್ನ ಅಂಗೈಗಿಟ್ಟ. ನಾನದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದೆ.

ಬಂಡ್ರಿ

ಬಂಡ್ರಿಗೆ ನಮ್ಮ ಸೋದರತ್ತೆ ಹುಲಿಗೆವ್ವಳನ್ನು ಕೊಟ್ಟಿತ್ತು. ಅಪ್ಪನ ತಂಗಿ. ಮದರಾಸು ಸರಕಾರದ ಹೆಣ್ಣು ಸೊಂಡೂರಿನ ಸೊಸೆ. ಆ ಮೂರು ದಿನ ಕಳೆಯಲೆಂದು ನಾನು ಹೋದ ಹೊತ್ತಿಗೆ ಅತ್ತೆಯ ಮನೆ ತುಂಬ ಹೆಂಗಸರು. ಅವಳ ಬಸುರಿ ಮಗಳಿಗೆ ಏಳು ತಿಂಗಳಾಗಿತ್ತು, ಇನ್ನು ನಾಲ್ಕು ದಿನಕ್ಕೆ ಕುಬಸ. ಬಸುರಿಗೆ ಹಸಿರು ಸೀರೆ ಕುಬಸ ಉಡಿಸಿ, ಉಡಿ ತುಂಬಿ, ಬುಟ್ಟಿ ಬುಟ್ಟಿ ಉಂಡೆ ಹಂಚುವ ಸಡಗರ ಅದು. ಇಡೀ ಮನೆಯಲ್ಲಿ ಹುರಿಯುವ, ಕುಟ್ಟುವ, ತಿನ್ನುವ, ನಗುವ ಸದ್ದು. ಅದರ ನಡುವೆ ಬಾಯಿ ಕಟ್ಟಿಕೊಂಡು ತಣ್ಣನೆಯ ಅಂಬಲಿ ಹೀರುವವನು ನಾನೊಬ್ಬ.

ನಾನು ಮಾತಿನ ಮಲ್ಲ. ಒಪ್ಪಿಕೊಳ್ಳುತ್ತೇನೆ. ಮೂರು ದಿನ ಮಾತಿಲ್ಲದೆ ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು, ಅದೇ ಕೊನೆ. ಆದರೆ ಅದರ ಸುಖವೂ ತಿಳಿಯಿತು. ಬಾಯಿ ಕಟ್ಟಿದವನಿಗೆ ಕಿವಿಯೂ ಇಲ್ಲವೆಂದು ಜನ ತಿಳಿಯುತ್ತಾರೆ. ಬಂಡ್ರಿಯ ಎಲ್ಲ ಗುಟ್ಟುಗಳನ್ನು ನನ್ನ ಮುಂದೆಯೇ ಆಡಿಕೊಂಡರು. ನಮ್ಮ ಕಡೆ ಹೆಂಗಸರು ಮಾತಾಡುತ್ತ ಕೆಲಸ ಮಾಡುತ್ತಾರೆ, ಅಲ್ಲಿಯವರು ಹಾಡುತ್ತ ಮಾಡುತ್ತಿದ್ದರು. ಕೆಂಪು ಮಣ್ಣಿನ ನೀರಿಗೆ ಅಂಬಲಿಗೂ ಸ್ವಲ್ಪ ಕಬ್ಬಿಣದ ರುಚಿ. ಎರಡನೆಯ ದಿನಕ್ಕೆ ಊತ ಇಳಿಯಿತು. ನೋವು ಹೋದ ಜಾಗದಲ್ಲಿ ನಾಲಿಗೆ ಪದೇ ಪದೇ ಹೋಗಿ ತಡವಿ, ಏನೂ ಇಲ್ಲ ಎಂದು ಹೇಳುತ್ತಿತ್ತು. ಆಗೆಲ್ಲ ನನಗೆ ಆ ಕಲ್ಲು ಕಣ್ಣ ಮುಂದೆ ಬರುತ್ತಿತ್ತು. ಅದರ ಮೇಲೆ ಕಂಪ್ಲಿಯವನೊಬ್ಬ ಕೂತಿರುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಶೇಂಗಾ ಉಂಡೆಗೆ ಪಾಕಕ್ಕಿಟ್ಟಳು. ನಾನು ತಂದ ಬೆಲ್ಲವನ್ನೇ ಹಾಕಿದ್ದಳು. ಒಲೆಯ ಶಾಖ ನನಗೆ ತಗಲಬಾರದೆಂದು ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದರು. ಹೆಂಗಸರ ಹಾಡು ನಡೆದಿತ್ತು. ನನ್ನ ಹಿಂದೆ ಪಾಕ ಕುದಿಯುತ್ತಿತ್ತು. ಮೊದಲು ಚಟಪಟ ಎನ್ನುವ ತೆಳುವಾದ ಸದ್ದು. ಆಮೇಲೆ ಗುಳ್ಳೆಗಳು ಸೋಮಾರಿಯಾದವು, ಸದ್ದು ದಪ್ಪವಾಯಿತು. ಬೆಲ್ಲದ ಹಸಿ ವಾಸನೆ ಹೋಗಿ ಮೂಗಿಗೆ ಒಂದು ಬೆಚ್ಚನೆಯ ಸುಳಿವು ಬಂತು. ನನ್ನ ಮೈಯೆಲ್ಲ ಎದ್ದು ನಿಂತಿತು. ಆಯಿತು, ಇಳಿಸಬೇಕು.

ತಿರುಗಿ ನೋಡಿದರೆ ಅತ್ತೆ ಹಾಡಿನಲ್ಲಿ ಮುಳುಗಿದ್ದಾಳೆ. ನಾನು ಹೂಂ ಹೂಂ ಎಂದು ಕೈ ಬೀಸಿದೆ. ಅತ್ತೆ ಹೌಹಾರಿ, ಹುಡುಗನಿಗೆ ನೋವು ಏರಿತು ಎಂದಳು. ಒಬ್ಬಳು ಲವಂಗದೆಣ್ಣೆ ತಂದಳು, ಒಬ್ಬಳು ಉಪ್ಪುನೀರು, ಇನ್ನೊಬ್ಬಳು ನನ್ನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಕೊಸರಿದಷ್ಟೂ ಅವರ ಕನಿಕರ ಹೆಚ್ಚಿತು. ಕೊನೆಗೆ ಎಲ್ಲರನ್ನೂ ದಾಟಿ ನೆಗೆದು, ಹೆಗಲ ಮೇಲಿನ ವಸ್ತ್ರದಿಂದ ಪಾತ್ರೆ ಹಿಡಿದು ಕೆಳಗಿಟ್ಟುಬಿಟ್ಟೆ. ಹಾಡು ನಿಂತಿತು. ಅತ್ತೆ ಪಾಕದ ಹನಿಯನ್ನು ನೀರಿಗೆ ಬಿಟ್ಟು ಎತ್ತಿ ನೋಡಿದಳು. ನನ್ನ ಮುಖ ನೋಡಿದಳು.

"ಬಾಯಿ ಕಟ್ಟೈತಿ, ಮಾರಿ ಗ್ವಾಡಿ ಕಡೆ ಐತಿ. ನಿನಗ ಹೆಂಗ ಗೊತ್ತಾತೋ ಪಂಪಣ್ಣಾ?"

ಮೂಗನ್ನೊಮ್ಮೆ, ಕಿವಿಯನ್ನೊಮ್ಮೆ ಮುಟ್ಟಿ ತೋರಿಸಿದೆ. ಗೋಡೆಗೆ ಒರಗಿ ಕುಳಿತು ಅತ್ತುಬಿಟ್ಟೆ. ನೋವಿಗೆ ಎಂದುಕೊಂಡು ಅವರು ಮತ್ತೆ ಲವಂಗದೆಣ್ಣೆ ಹಚ್ಚಿದರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮತ್ತೆ ಗಡಿ

ಕುಬಸ ಮುಗಿಸಿ, ಬಾಯಿಕಟ್ಟು ಬಿಚ್ಚಿ, ಮೆತ್ತನೆಯ ಉಂಡೆಯೊಂದನ್ನು ಎಡಗಡೆಯಿಂದ ತಿಂದು ಹೊರಟೆ. ಬಸ್ಸು ಗಡಿಗೆ ಬಂದಾಗ ಚೌಕಿಯಲ್ಲಿ ಅದೇ ಜವಾನ. ಹೋಗುವಾಗ ಬೆಲ್ಲ ನೋಡಿದವನು ಬರುವಾಗ ಕಾಡಿನ ವಸ್ತು ಏನಾದರೂ ಇದೆಯೇ ಎಂದು ನೋಡಬೇಕಾಗಿತ್ತು. ಸೊಂಟದ ಪೊಟ್ಟಣ ಅವನ ಕಣ್ಣಿಗೆ ಬಿತ್ತು. ಗಂಧದ ಚೂರೇ ಎಂದು ಕೇಳಿದ. ಹಲ್ಲು ಎಂದೆ. ನಂಬದೆ ಬಿಚ್ಚಿದ.

ಪೊಟ್ಟಣ ಬಿಚ್ಚಿ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು. ಬೇರು ನೆಟ್ಟಗಿತ್ತು. ತಿರುಗಿಸಿ ನೋಡಿದೆ. ತೂತು ಎಲ್ಲೂ ಇರಲಿಲ್ಲ. ಯಾರೋ ಪುಣ್ಯಾತ್ಮರ ಹಲ್ಲು. ನನ್ನ ಕೊಕ್ಕೆ ಹಲ್ಲು ಅಷ್ಟು ಹೊತ್ತಿಗೆ ತಿಮ್ಮಪ್ಪನ ತೋರಣದ ನಟ್ಟನಡುವೆ ತೂಗುತ್ತಿರಬೇಕು. ಜವಾನ ನನ್ನ ಮುಖವನ್ನೇ ನೋಡುತ್ತ, ಇದು ನಿಮ್ಮದೇ ಹೌದೇನ್ರಿ ಎಂದ. ಅಲ್ಲ ಎಂದರೆ ಯಾರ ಹಲ್ಲು ಕದ್ದು ಸಾಗಿಸುತ್ತಿದ್ದೀಯೆ ಎಂದು ಕೇಳುವುದು ಅವನ ಧರ್ಮ. ಬಸ್ಸು ಇಳಿಜಾರಿಗೆ ಮುಖ ಮಾಡಿ ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ನಂದೇ ಎಂದು ಹೇಳಿ ಹತ್ತಿ ಕೂತೆ. ಕಣಿವೆ ಇಳಿಯುವವರೆಗೂ ತಡೆದುಕೊಂಡಿದ್ದು ಆಮೇಲೆ ನಕ್ಕೆ. ನಕ್ಕರೆ ವಸಡು ನೋಯುತ್ತಿತ್ತು, ನೋವಿಗೆ ಇನ್ನೂ ನಗು ಬರುತ್ತಿತ್ತು. ಆದರೆ ಹೊಸಪೇಟೆ ಸಮೀಪಿಸಿದಂತೆ ನಗು ಇಳಿಯಿತು. ಅಪ್ಪ ಕೇಳಿದ್ದು ಒಂದೇ ವಸ್ತು. ಅದನ್ನೇ ಬಿಟ್ಟು ಬಂದಿದ್ದೆ.

ಮನೆ

ಮೊದಲನೆಯ ಕೊಪ್ಪರಿಗೆಯ ದಿನ ಆರು ಮನೆಯವರೂ ಒಲೆಯ ಸುತ್ತ ನೆರೆದಿದ್ದರು. ನಾನು ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದೆ. ಗುಳ್ಳೆ ಸೋಮಾರಿಯಾಯಿತು. ಬಂಡ್ರಿಯ ಆ ಬೆಚ್ಚನೆಯ ಸುಳಿವು ಬಂತು. ಇಳಿಸಿರಿ ಎಂದೆ. ಯಾರೂ ಅಲುಗಲಿಲ್ಲ. ಕೊಪ್ಪರಿಗೆ ಹಿಡಿಯುವ ಆಳುಗಳು ಹಿರಿಯರ ಮುಖ ನೋಡಿದರು, ಹಿರಿಯರು ನನ್ನ ಬಾಯಿ ನೋಡಿದರು. ಕಡಿದು ನೋಡಲಿಲ್ಲವಲ್ಲ ಎಂದು ಒಬ್ಬರು ಮೆಲ್ಲಗೆ ಅಂದರು. ಗಳಿಗೆ ಜಾರುತ್ತಿತ್ತು.

ಆಗ ಅಪ್ಪ ಕೋಲೂರಿಕೊಂಡು ಮುಂದೆ ಬಂದ. ಹಲ್ಲು ಕೊಡು ಎಂದು ಕೈ ಚಾಚಿದ. ಪೊಟ್ಟಣ ಕೊಟ್ಟೆ. ಅಪ್ಪ ಆ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ತಡವಿದ. ಅರೆಗಳಿಗೆ ಅವನ ಕೈ ನಿಂತಂತೆ ಕಂಡಿತು. ಆಮೇಲೆ ಪಾಕದ ಗೋಲಿಯನ್ನು ನೀರಿನಿಂದೆತ್ತಿ, ಆ ಹಲ್ಲಿಗೆ ಒತ್ತಿ, ಕಿವಿಯ ಹತ್ತಿರ ಹಿಡಿದು, ಬಹಳ ಗಂಭೀರವಾಗಿ ಕೇಳಿಸಿಕೊಂಡ.

"ಆತು. ಹಲ್ಲು ಹೇಳ್ತು. ಇಳಸ್ರಿ ಜಲ್ದಿ."

ಎಂಟು ಕೈ ಒಟ್ಟಿಗೆ ಕೊಪ್ಪರಿಗೆಗೆ ಬಿದ್ದವು. ಅಚ್ಚಿಗೆ ಸುರಿದ ಬೆಲ್ಲ ಆರಿ ಗಟ್ಟಿಯಾಗಿ ಬಿಡಿಸಿದಾಗ ಹೊಸ ಬಂಗಾರದ ಬಣ್ಣ. ಹಿರಿಯರು ತಿಂದು ತಲೆದೂಗಿದರು, ಕಂಪ್ಲಿಯವನ ಮಾತು ಅಲ್ಲಿಗೆ ಮುಗಿಯಿತು. ಹಲ್ಲನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಗಾಣದ ಕಂಬಕ್ಕೆ ತೂಗುಹಾಕಿದರು.

ಎಲ್ಲರೂ ಚದುರಿದ ಮೇಲೆ ನಾನು ಅಪ್ಪನ ಪಕ್ಕ ಕೂತು, ಅದು ನನ್ನ ಹಲ್ಲಲ್ಲ ಎಂದು ಹೇಳಿಬಿಟ್ಟೆ. ಗೊತ್ತು, ತೂತು ಇರಲಿಲ್ಲ ಎಂದ ಅಪ್ಪ. ಬಯ್ಯುತ್ತಾನೆಂದು ತಲೆ ತಗ್ಗಿಸಿದೆ. ಅಪ್ಪ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಬೆರಳು ಹಿಡಿದು, ತನ್ನ ಬಾಯಿ ತೆಗೆದು, ಬಲಗಡೆಯ ಕಟ್ಟಕಡೆಗೆ ಮುಟ್ಟಿಸಿದ. ಅಲ್ಲಿ ಬರೀ ವಸಡಿತ್ತು. ನುಣ್ಣಗೆ, ಎಷ್ಟೋ ವರ್ಷದಿಂದ ಹಾಗೆಯೇ ಇದ್ದಂತೆ.

"ನೀ ಸಣ್ಣಾವಿದ್ದಾಗ ಬಿತ್ತು. ಆಮ್ಯಾಲೆ ಹನ್ನೊಂದು ವರ್ಷ ವಸಡಿಲೇ ಕಡಿದೆ. ಒಂದು ಕೊಪ್ಪರಿಗಿ ಕೆಡಲಿಲ್ಲ."

ಹಾಗಾದರೆ ನನಗೆ ಮೊದಲೇ ಏಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ನೀನು ನಂಬುತ್ತಿದ್ದೆಯಾ ಎಂದು ಅಪ್ಪ ಕೇಳಿದ. ನಂಬುತ್ತಿರಲಿಲ್ಲ. ಇನ್ನು ಆ ಹಲ್ಲು ತಾ ಎಂದದ್ದು? ಮಂದಿ ಹಲ್ಲು ನೋಡುತ್ತಾರೆ, ಮೂಗು ಯಾರು ನೋಡುತ್ತಾರೆ ಎಂದು ಅಪ್ಪ ನಕ್ಕ. ಅಪ್ಪ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ಹಿಂದಿನ ಹಲ್ಲು ಇಲ್ಲದ್ದು ಕಾಣಬಾರದೆಂದು ಅಷ್ಟು ವರ್ಷ ಆತ ತುಟಿ ಬಿಗಿದೇ ನಗುತ್ತಿದ್ದ.

ಈಗ ಸೊಂಡೂರಿಗೆ ಚೌಕಿ ಇಲ್ಲ, ಅದು ಪರದೇಶವೂ ಅಲ್ಲ. ಅಪ್ಪನೂ ಇಲ್ಲ. ಆ ಪುಣ್ಯಾತ್ಮರ ಹಲ್ಲು ಇನ್ನೂ ಗಾಣದ ಕಂಬದಲ್ಲಿದೆ. ಮೊದಲ ಕೊಪ್ಪರಿಗೆಯ ದಿನ ಅದಕ್ಕೆ ಕುಂಕುಮ ಹಚ್ಚುತ್ತಾರೆ. ನಾನು ಪ್ರತಿ ಸಲವೂ ಗೋಲಿಯೊಂದನ್ನು ಬಲಗಡೆಯ ಕಟ್ಟಕಡೆಗಿಟ್ಟು, ಏನೂ ಇಲ್ಲದಲ್ಲಿ ಕಡಿದು, ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, ಆಮೇಲೆ ಇಳಿಸಿರಿ ಎನ್ನುತ್ತೇನೆ. ಸುತ್ತ ನಿಂತವರೆಲ್ಲ ಹಿಡಿದ ಉಸಿರು ಬಿಡುತ್ತಾರೆ.